ಎಂಟೂವರೆಯ ಅಲಾರಂ

"ಈ ಗುಳಿಗಿ ಯಾರು ನುಂಗಬೇಕಾಗಿತ್ರೀ?" ಎಂದರು ಡಾಕ್ಟರು. ಟೇಬಲ್ ಮೇಲೆ ಒಂದೂ ಮಾತ್ರೆ ತೆಗೆಯದ ಸ್ಟ್ರಿಪ್‌ಗಳ ರಾಶಿ. ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಖಾನಾಪುರದಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಶುಗರ್, ಬಿಪಿ, ಮಂಡಿನೋವು. ದಿನಕ್ಕೆ ಏಳು ಗುಳಿಗೆ. (ಏಳೂ ಬಿಳಿ!) ಯಾವುದು ಯಾವಾಗ ಎಂದು ಗೊಂದಲ. ಅದಕ್ಕೇ ನಾಲ್ಕು ತಿಂಗಳ ಹಿಂದೆ ಐದು ಅಲಾರಂ ಇಡಬಹುದಾದ ಡಿಜಿಟಲ್ ವಾಚ್ ಒಯ್ದು ಆಕೆಯ ಕೈಗೆ ಕಟ್ಟಿದೆ. ಮುಂಜಾನೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಎಂಟೂವರೆ.

"ಎಂಟೂವರಿ ಅಂದ್ರ ನಾ ಊಟಕ್ಕ ಕುಂದ್ರೂ ಹೊತ್ತು. ಆವಾಗ ನೀನೂ ಗುಳಿಗಿ ತಗೋ," ಎಂದೆ.

"ಆತಪಾ," ಎಂದಳು.

ಟೆಕ್ನಾಲಜಿಗೆ ಜೈ ಎಂದು ಬೆಳಗಾವಿಯ ಸದಾಶಿವನಗರಕ್ಕೆ ಮರಳಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿ! ಆದರೇನು, ವಾಚ್ ಇದೆಯಲ್ಲ, ನಾನ್ಯಾಕೆ?

ಕಳೆದ ವಾರ ದೊಡ್ಡವ್ವ ಹಿತ್ತಲಲ್ಲಿ ತಲೆ ತಿರುಗಿ ಬಿದ್ದಳು. ಬಿಪಿ ವಿಪರೀತ ಏರಿತ್ತು. ಮಗ ಬೆಳಗಾವಿಗೆ ಕರೆತಂದ, ಗುಳಿಗೆಯ ಚೀಲದ ಸಮೇತ. ರಾತ್ರಿಯ ಗುಳಿಗೆ ಒಂದು ದಿನವೂ ಹೊಟ್ಟೆಗೆ ಹೋಗಿರಲಿಲ್ಲ. ಅಲಾರಂ ಕೂಗುತ್ತಲೇ ಎದ್ದು ಕೋಣೆಗೆ ಹೋಗುತ್ತಿದ್ದಳಂತೆ. ನುಂಗುತ್ತಾಳೆಂದೇ ಸೊಸೆ ತಿಳಿದಿದ್ದಳು.

"ಅಲಾರಂ ಕೇಳಸಲಿಲ್ಲೇನು?" ರೇಗಿದೆ.

"ಕೇಳಸ್ತಿತ್ತಪಾ. ಆದ್ರ ಹೊತ್ತು ಮುಳುಗಿದ ಮ್ಯಾಲೆ ನಾ ನೀರರ ಹೆಂಗ ಕುಡೀಲಿ?"

ಥೂ ನನ್ನ! ಜೈನರ ಮನೆಯಲ್ಲಿ ಬೆಳೆದವನು ನಾನು. ಕತ್ತಲಾಗುವ ಮೊದಲೇ ಊಟ ಮುಗಿಯಬೇಕು, ಆಮೇಲೆ ಹನಿ ನೀರೂ ಇಲ್ಲ. ಓಣಿಯಲ್ಲಿ ಗೋಲಿ ಆಡುತ್ತಿದ್ದ ನನ್ನನ್ನು ಕಿವಿ ಹಿಡಿದು ಎಳೆದೊಯ್ದು, ಬಿಸಿಲಿರುವಾಗಲೇ ಬಿಸಿ ರೊಟ್ಟಿ ಬಡಿಸುತ್ತಿದ್ದವಳು ಇವಳೇ. ಗೆಳೆಯರು ಇನ್ನೂ ಆಡುತ್ತಿದ್ದಾರಲ್ಲ ಎಂದು ಆಗ ಅಳು ಬರುತ್ತಿತ್ತು. ಆ ಬಿಸಿಲಿನ ಊಟ ಇನ್ನೊಮ್ಮೆ ಸಿಕ್ಕೀತೇ ಎಂದು ಈಗ ಅಳು ಬರುತ್ತದೆ. ಪೇಟೆಯ ಊಟದ ಹೊತ್ತಿಗೆ ಒಗ್ಗಿಹೋಗಿ, ಅಷ್ಟನ್ನೂ ಮರೆತು, ನನ್ನ ಹೊಟ್ಟೆಯ ಟೈಮನ್ನು ಆಕೆಯ ಕೈಗೆ ಕಟ್ಟಿ ಬಂದಿದ್ದೆ.

"ಮೊದಲ ಹೇಳಾಕ ಏನಾಗಿತ್ತು?"

"ಅಷ್ಟು ಪ್ರೀತಿಲೆ ಕಟ್ಟಿದ್ದಿ. ಮತ್ತ ಬಂದಾಗ ಹೇಳೂಣು ಅಂತ ಸುಮ್ನಿದ್ದೆ. ನೀ ಬರಲೇ ಇಲ್ಲ."



ಡಾಕ್ಟರು ನಕ್ಕರು. "ಸಂಜಿ ಐದೂವರಿಗೆ ಊಟದ ಜೋಡಿ ತಗೋರಿ ಅಜ್ಜಿ, ನಡೀತೈತಿ." ಒಂದು ನಿಮಿಷದ ಪರಿಹಾರ. ನಾನು ವಾಚ್ ಬಿಚ್ಚಿಸಿಕೊಂಡು ಐದೂವರೆಗೆ ಅಲಾರಂ ಇಟ್ಟೆ. ಎಂಟೂವರೆಯದನ್ನು ಅಳಿಸಲು ಹೋದರೆ ದೊಡ್ಡವ್ವ ಕೈ ಹಿಡಿದಳು.

"ಅದು ಇರಲಿ."

"ಯಾಕ? ಈಗ ಅದರ ಕೆಲಸಾನ ಇಲ್ಲ."

"ಅದು ಕೂಗಿದಾಗ, ನನ್ನ ಮಗಾ ಊಟಕ್ಕ ಕುಂತ ಅಂತ ಗೊತ್ತಾಗತೈತಿ."

ಆಕೆ ಊಟಕ್ಕೆ ಕುಳಿತಳೆಂದು ನನಗೆ ತಿಳಿಸುವ ಗಡಿಯಾರ ಯಾವ ಅಂಗಡಿಯಲ್ಲಿ ಸಿಗುತ್ತದೆ, ಹೇಳಿ?