ಪರದೆಯ ಮೇಲೆ ಮೊದಲ ಅಕ್ಷರ

ಹೊನ್ನಾಳಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡಲು ಸೇರಿದಾಗ ಅಲ್ಲಿ ನನ್ನ ವಿಷಯಕ್ಕೆ ಇನ್ನೊಬ್ಬರು ಮೇಡಂ ಇದ್ದರು. ಕೆರೆಬಿಳಚಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ನಾಲ್ಕಕ್ಕೆ ತರಗತಿ ಮುಗಿದರೆ ಅವರ ಬಸ್ಸು ಐದೂವರೆಗೆ. ಆ ಒಂದೂವರೆ ಗಂಟೆ ನಮ್ಮಿಬ್ಬರದು.

ಒಂದು ದಿನ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಸ್ವಿಚ್ ಹಾಕಿದ ಮ್ಯಾಲೆ ಮೊದಲನೇ ಅಕ್ಷರ ಸ್ಕ್ರೀನಿಗೆ ಹೆಂಗೆ ಬರ್ತೈತ್ರಿ?" ಎಂದು ಕೇಳಿದಳು. "ನಂಗೂ ಗೊತ್ತಿಲ್ಲಮ್ಮ, ಕಲಿತು ಹೇಳ್ತೀನಿ," ಎಂದರು ಅಕ್ಕ.

ಹಾಗೆ ಶುರುವಾಯಿತು. ಯಾರೂ ಮುಟ್ಟದ ಹಳೆಯ ಕಂಪ್ಯೂಟರೊಂದನ್ನು ಒರೆಸಿಕೊಂಡು, ಅದಕ್ಕೆ ನಮ್ಮದೇ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯಲು ಕೂತೆವು. ಅದು ಶುರುವಾದ ಕೂಡಲೇ ಪರದೆಯ ಮೇಲೆ ಒಂದು 'ನಮಸ್ಕಾರ' ಮೂಡಬೇಕು, ಇಂಗ್ಲಿಷ್ ಅಕ್ಷರದಲ್ಲಾದರೂ ಸರಿ.

ಮೂಡಲಿಲ್ಲ. ವಾರಗಟ್ಟಲೆ ಕಪ್ಪು ಪರದೆ, ಅದರಲ್ಲಿ ನಮ್ಮಿಬ್ಬರ ಮುಖ.

"ಒಳಗೆ ಓಡ್ತಾ ಐತೆ ಕಣೇ. ಹೇಳಾಕೆ ಆಗ್ತಿಲ್ಲ ಅದಕ್ಕೆ," ಎನ್ನುತ್ತಿದ್ದರು ಅಕ್ಕ.

ಅಷ್ಟರಲ್ಲಿ ಅವರಿಗೆ ಜಗಳೂರಿಗೆ ವರ್ಗವಾಯಿತು. ಕೊನೆಯ ದಿನ ಕಂಪ್ಯೂಟರ್ ಹಾಕಲೇ ಇಲ್ಲ. ಮಂಡಕ್ಕಿ ತಿಂದೆವು, ಏನೇನೋ ಮಾತಾಡಿದೆವು, ಬಸ್ಸು ಬಂತು.

ಮೂರು ತಿಂಗಳು ನಾನು ಆ ಯಂತ್ರದ ಹತ್ತಿರ ಹೋಗಲಿಲ್ಲ. ಒಂದು ಮಧ್ಯಾಹ್ನ ಸುಮ್ಮನೆ ನಮ್ಮ ಬರಹವನ್ನು ಮೊದಲಿನಿಂದ ಓದಿದೆ. ತಪ್ಪು ಎದುರಿಗೇ ಇತ್ತು. ಪರದೆ ಎಲ್ಲಿದೆ, ಯಾವ ಸಾಲಿನಿಂದ ಬರೆಯಬೇಕು ಎಂದು ಯಂತ್ರಕ್ಕೆ ತಿಳಿಸುವ ಮೊದಲೇ 'ಬರೆ' ಎಂದು ಆಜ್ಞೆ ಕೊಟ್ಟಿದ್ದೆವು. ಎರಡು ಸಾಲು ಮೇಲೆ ಕೆಳಗೆ ಮಾಡಿದೆ. ನಮಸ್ಕಾರ ಬಂತು! "ಅಕ್ಕಾ" ಎಂದು ತಿರುಗಿದೆ. ಪಕ್ಕದ ಕುರ್ಚಿಯ ಮೇಲೆ ಉತ್ತರಪತ್ರಿಕೆಗಳ ಕಟ್ಟಿತ್ತು. ಪ್ರಶ್ನೆ ಕೇಳಿದ್ದ ಹುಡುಗಿಯೂ ಅಷ್ಟರಲ್ಲಿ ಓದು ಮುಗಿಸಿ ಹೋಗಿದ್ದಳು.

ಫೋನು ಮಾಡಿದರೆ ಅಕ್ಕ, "ಹಿಂಗೆ ಬಾಯಲ್ಲಿ ಹೇಳಬ್ಯಾಡ, ತಗಂಡು ಬಾ," ಎಂದರು.

ಭಾನುವಾರ ಪೆನ್‌ಡ್ರೈವ್ ಹಿಡಿದು ದಾವಣಗೆರೆ ಮೇಲೆ ಜಗಳೂರಿಗೆ ಹೋದೆ. ಅಕ್ಕನ ಹೊಸ ಲ್ಯಾಪ್‌ಟಾಪಿಗೆ ಹಾಕಿದೆವು. ಮತ್ತೆ ಕಪ್ಪು ಪರದೆ! ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಳೆಯ ಯಂತ್ರ ಇಂಗ್ಲಿಷ್ ಅಕ್ಷರಗಳ ಆಕಾರವನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಈ ಹೊಸದರಲ್ಲಿ ಅಕ್ಷರದ ಒಂದೊಂದು ಚುಕ್ಕಿಯನ್ನೂ ನಾವೇ ಇಡಬೇಕಿತ್ತು.

"ಚುಕ್ಕಿ ನಾವೇ ಇಡದಾದ್ರೆ ಇಂಗ್ಲಿಷ್ ಯಾಕೆ? ಕನ್ನಡದಾಗೇ ಬರಿಯಾಣ," ಎಂದು ಅಕ್ಕ ಚೌಕುಳಿ ಹಾಳೆ ತಂದರು. ಪೆನ್ಸಿಲಿನಿಂದ ಚೌಕ ತುಂಬುತ್ತ 'ಅ' ಬರೆದೆವು. ಅಳಿಸಿ ಮತ್ತೆ ಬರೆದೆವು. ಅದನ್ನು ಕಂಪ್ಯೂಟರಿಗೆ ಹೇಳಿಕೊಡುವ ಮೊದಲೇ ನನ್ನ ಬಸ್ಸಿನ ಹೊತ್ತಾಯಿತು. ಬಸ್‌ಸ್ಟ್ಯಾಂಡಿನವರೆಗೂ ಬಂದ ಅಕ್ಕ, ಕಿಟಕಿಯ ಹೊರಗೆ ನಿಂತು ಇನ್ನೂ ಚುಕ್ಕಿಗಳ ವಿಷಯವನ್ನೇ ಹೇಳುತ್ತಿದ್ದರು.

ಮುಂದಿನ ವಾರ ಅವರ ಫೋನು. "ಬಂತು ಕಣೇ 'ಅ'! ಬಾಲ ವಸಿ ಸೊಟ್ಟ ಐತೆ. ಫೋಟೊ ಕಳಿಸ್ಲಾ?"

"ಬ್ಯಾಡ ಅಕ್ಕ, ನಾನೇ ಬಂದು ನೋಡ್ತೀನಿ."

ಆಮೇಲೆ ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ನನಗೂ ನ್ಯಾಮತಿಗೆ ವರ್ಗವಾಯಿತು. ಅಕ್ಕ ಈಗ 'ಕ'ದವರೆಗೆ ಬಂದಿದ್ದಾರಂತೆ. ನಾನು ಇನ್ನೂ ಹೋಗಿಲ್ಲ.