ಮೂವತ್ತೆರಡರ ಕಹಿ

ನಾಲ್ಕು ವರ್ಷದ ಹಿಂದಿನ ಆಗಸ್ಟ್. ಅಬುಧಾಬಿಯ ಒಂದು ರೆಸ್ಟೋರೆಂಟಿನಲ್ಲಿ, ಲೈಸೆನ್ಸ್ ಪಡೆದು ಅಲ್ಲೇ ಬಿಯರ್ ತಯಾರಿಸುವ ವಿಭಾಗಕ್ಕೆ ನಾನು ಸಹಾಯಕ ಬ್ರೂವರ್. ಮುಖ್ಯ ಬ್ರೂವರ್ ಕೆಲಸ ಬಿಟ್ಟು ಹೋಗಿದ್ದರು. ಒಂದು ಬ್ಯಾಚ್ ನಾನೇ ಮಾಡಬೇಕು, ಚೆನ್ನಾಗಿ ಬಂದರೆ ಆ ಹುದ್ದೆ ನನಗೆ ಎಂದರು ಮ್ಯಾನೇಜರ್. ಹುದ್ದೆಯ ಜೊತೆ ಖಲೀಫಾ ಸಿಟಿಯಲ್ಲಿ ಫ್ಯಾಮಿಲಿ ಫ್ಲ್ಯಾಟ್ ಇತ್ತು. ಹೆಂಡತಿ ಲವೀನಾ, ಮಗಳು ಇಬ್ಬರೂ ಊರಿಗೆ ವಾಪಸಾಗಿ ಎರಡು ವರ್ಷ ದಾಟಿತ್ತು. ನಾನು ಮುಸಫ್ಫಾದ ಕಂಪನಿ ರೂಮಿನಲ್ಲಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಹುದ್ದೆಯಲ್ಲ, ಆ ಫ್ಲ್ಯಾಟ್.

ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಎಂಬ ಹೂವು. ಅದರಲ್ಲಿ ಕಹಿಯ ಅಂಶವಾದ ಆಲ್ಫಾ ಆಸಿಡ್ ಎಷ್ಟಿದೆ, ತೂಕವೆಷ್ಟು, ಎಷ್ಟು ಹೊತ್ತು ಕುದಿಯಿತು ಎಂದು ನೋಡಿ ಕಹಿಯನ್ನು ಅಂದಾಜು ಮಾಡುತ್ತೇವೆ; ಆ ಅಳತೆಗೆ ಐಬಿಯು ಎನ್ನುತ್ತಾರೆ. ನಾನು ಆರಿಸಿದ್ದು ಯಾವುದೋ ತಂಪು ದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಯ ರೆಸಿಪಿ. ಇಪ್ಪತ್ತು ಲೀಟರಿನದ್ದನ್ನು ಐನೂರಕ್ಕೆ ಹಿಗ್ಗಿಸಿದೆ. ಲೆಕ್ಕಕ್ಕೆ ಮೂವತ್ತೆರಡು ಬಂತು, ಹಿತವಾದ ಕಹಿ. ಒಲೆ ಆರಿಸಿದ ಮೇಲೆ ಪರಿಮಳಕ್ಕೆಂದು ಹಾಕುವ ಹಾಪ್ಸನ್ನು ರೆಸಿಪಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೂಡಲೇ ತಣಿಸಿಬಿಟ್ಟರೆ ಅದು ಹೆಚ್ಚು ಕಹಿ ಬಿಡುವುದೂ ಇಲ್ಲ.

ಆ ವಾರ ನೀರು ತಂಪು ಮಾಡುವ ನಮ್ಮ ಚಿಲ್ಲರ್ ರಿಪೇರಿಯಲ್ಲಿತ್ತು. ಕುದಿಸಿದ ರಸವನ್ನು ನಲ್ಲಿ ನೀರಿನಲ್ಲೇ ತಣಿಸಲು ಹೊರಟೆ. ಇಲ್ಲಿ ಆಗಸ್ಟಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಬಿಸಿನೀರು. ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ತಣಿದ ನೀರಿನಲ್ಲಿ ಸ್ನಾನ ಮಾಡುವ ಜನ ನಾವು. ಸ್ನಾನದ ಮನೆಯಲ್ಲಿ ಗೊತ್ತಿದ್ದ ಸಂಗತಿ ಕೆಲಸದ ಜಾಗದಲ್ಲಿ ನನ್ನ ಮಂಡೆಗೆ ಹೋಗಲಿಲ್ಲ. ಅರ್ಧ ಗಂಟೆಯ ಕೆಲಸ ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹಾಪ್ಸ್ ಬಿಸಿಯಲ್ಲೇ ಕೂತು ಕಹಿ ಬಿಡುತ್ತಿತ್ತು.

ಮೂರು ವಾರದ ಮೇಲೆ ರುಚಿ ನೋಡಿದೆ. ಮೂವತ್ತೆರಡೇ ಅನ್ನಿಸಿತು. ಖುಷಿಯಲ್ಲಿ ಲವೀನಾಗೆ ಫೋನ್ ಮಾಡಿ, ಮಗಳ ಶಾಲೆಯಲ್ಲಿ ಟಿಸಿ ಕೇಳಿಡು ಎಂದೆ.

"ಬೇರೆ ಯಾರಾದ್ರೂ ಕುಡಿದು ನೋಡಿದ್ರಾ?" ಎಂದಳು.

ಯಾರಿದ್ದಾರೆ, ನಾನೇ ನೋಡಿದೆನಲ್ಲ ಎಂದೆ.

ಮರುದಿನ ನಮ್ಮ ಶೆಫ್, ಉಡುಪಿ ಕಡೆಯ ಸುಧಾಕರಣ್ಣನಿಗೆ ಒಂದು ಗ್ಲಾಸ್ ಕೊಟ್ಟೆ. ಒಂದು ಗುಟುಕಿಗೇ ಮುಖ ಹಿಂಡಿದರು. "ಎಂತದಿದು ಮಾರಾಯ, ಹಾಗಲಕಾಯಿ ಕಷಾಯವಾ?"

ನಾನು ಒಪ್ಪಲಿಲ್ಲ. ಅವರು ನನ್ನನ್ನೇ ನೋಡಿದರು. "ನೀನು ದಿನಾ ಕುಡಿಯುವ ಕಪ್ಪು ಸುಲೈಮಾನಿ ಚಹಾಕ್ಕೆ ಸಕ್ಕರೆ ಹಾಕುವುದು ಬಿಟ್ಟು ಎಷ್ಟು ಸಮಯ ಆಯ್ತು?"

"ಲವೀನಾ ಊರಿಗೆ ಹೋದ ಮೇಲೆ," ಎಂದೆ. ಒಬ್ಬನಿಗೆಂದು ಸಕ್ಕರೆ ತಂದಿಡಲು ಮನಸ್ಸಾಗಿರಲಿಲ್ಲ, ಅಷ್ಟೇ.

ಮ್ಯಾನೇಜರ್ ಅರ್ಧ ಗ್ಲಾಸಿನಲ್ಲೇ ಖಲಾಸ್ ಎಂದರು. ಕಡಿಮೆ ಕಹಿಯ ಇನ್ನೊಂದು ಬ್ಯಾಚ್ ಬೆರೆಸಿ ಬಿಯರನ್ನು ಉಳಿಸಿಕೊಂಡೆ, ಅದು ಪೂರ್ತಿ ಖರ್ಚಾಯಿತು ಕೂಡ. ಹುದ್ದೆಗೆ ಮಾತ್ರ ಹೊರಗಿನಿಂದ ಬೇರೆಯವರು ಬಂದರು. ಲವೀನಾಗೆ ಫೋನ್ ಮಾಡಿ ಟಿಸಿ ಬೇಡ ಎಂದೆ.

ರೆಸಿಪಿಯ ಅಂಕಿಯಲ್ಲಿ ಅದನ್ನು ಬರೆದವನ ಊರಿನ ನೀರೂ ಸೇರಿರುತ್ತದೆ. ಒಬ್ಬನೇ ರುಚಿ ನೋಡಿದರೆ ನೋಡಿದ ಹಾಗಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ಲವೀನಾಗೆ ಟಿಸಿ ಬೇಡ ಎಂದ ದಿನ ಸಂಜೆ ಮುಸಫ್ಫಾದ ಗ್ರೋಸರಿಯಲ್ಲಿ ಒಂದು ಕಿಲೋ ಸಕ್ಕರೆ ತಂದು ಚಹಾ ಮಾಡಿದೆ. ಲವೀನಾ ಹಾಕುತ್ತಿದ್ದ ಹಾಗೆಯೇ ಎರಡು ಚಮಚ ಹಾಕಿದೆ. ಬಾಯಿಗಿಡಲಾಗದಷ್ಟು ಸಿಹಿ ಅನ್ನಿಸಿತು. ಆದರೂ ಪೂರ್ತಿ ಕುಡಿದೆ.