ದಾರಕ್ಕೆ ಸಿಗದ ಅಳತೆ

ಬೀದಿಯವರೆಲ್ಲ ಅವನನ್ನು ದಾರದಣ್ಣ ಅನ್ನುತ್ತಿದ್ದರು. ಒಂದು ಕಾಲಕ್ಕೆ ಬಟ್ಟೆ ಹೊಲಿಯುತ್ತಿದ್ದವನು, ಈಗ ಮನೆಯ ಹಿಂದಿನ ಕೋಣೆಯಲ್ಲಿ ಹೆಬ್ಬಾವು ಸಾಕಿ, ಮರಿ ಮಾಡಿಸಿ ಮಾರುತ್ತಿದ್ದ. ಕಸುಬು ಬಿಟ್ಟರೂ ಅಳತೆಯ ಚಾಳಿ ಬಿಡಲಿಲ್ಲ. ಹಾವನ್ನು ಎಳೆದು ನೆಟ್ಟಗೆ ಮಾಡಿದರೆ ಅದರ ಬೆನ್ನಿಗೆ ಪೆಟ್ಟು. ಹಾಗಾಗಿ ಅದು ಮಲಗಿದಂತೆಯೇ ಮೂತಿಯಿಂದ ಬಾಲದವರೆಗೆ ಬೆನ್ನ ಮೇಲೆ ದಾರ ಹಾಯಿಸಿ, ಕತ್ತರಿಸಿ, ಚೀಟಿ ಕಟ್ಟಿ ಮೊಳೆಗೆ ನೇತುಹಾಕುತ್ತಿದ್ದ.

ಮೊದಲ ದಾರ ಎಷ್ಟು ಉದ್ದವೆಂದರೆ, ಮೊಳೆಯಿಂದಿಳಿದು ನೆಲದಲ್ಲಿ ಸುರುಳಿಯಾಗಿ ಬಿದ್ದಿತ್ತು. ಅದು ದೊಡ್ಡಮ್ಮನದು. ಕಾಡಿನಲ್ಲಿ ಹುಟ್ಟಿ ಅವನ ಕೈಗೆ ಬಂದವಳು. ಎಡ ಹೆಗಲಿಗೇರಿಸಿಕೊಂಡರೆ ಮೈಯೇ ಆ ಕಡೆ ವಾಲುತ್ತಿತ್ತು. ಕೊಳ್ಳುವವರು ಮಾತ್ರ ಮೂಗು ಮುರಿದರು. "ನಮ್ದು ಎರಡು ಕೋಣೆ ಮನೆ, ಅಣ್ಣ. ಇಷ್ಟು ದೊಡ್ಡದನ್ನ ಎಲ್ಲಿ ಇಟ್ಕೊಳ್ಳೋದು?"

ಅಂದಿನಿಂದ ಪ್ರತಿ ಸೂಲಿನ ಮರಿಗಳು ಬೆಳೆದ ಮೇಲೆ ಅಳೆದು, ಗಿಡ್ಡ ದಾರದವುಗಳನ್ನೇ ಉಳಿಸಿಕೊಂಡು ಜೋಡಿ ಮಾಡಿದ. ಐದನೆಯ ತಲೆಮಾರಿಗೆ ಹೆಬ್ಬಾವು ಊಟದ ಮೇಜಿನ ಮೇಲೆ ಆರಾಮಾಗಿ ಮಲಗುವಷ್ಟಾಯಿತು. "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು" ಎಂದು ಬಂದವರೆದುರು ನಗುತ್ತಿದ್ದ. ನಗುವಾಗಲೇ ಎಡ ಹೆಗಲು ಜಗ್ಗುತ್ತಿತ್ತು. ದೊಡ್ಡಮ್ಮ ಸತ್ತು ಹನ್ನೊಂದು ವರ್ಷವಾಗಿದ್ದರೂ ಅವಳ ಭಾರ ಅಲ್ಲಿಂದ ಇಳಿದಿರಲಿಲ್ಲ.

"ಯಾಕ್ರೀ ಓರೆಯಾಗಿ ನಡೀತೀರಿ?" ಎಂದು ಹೆಂಡತಿ ಕೇಳಿದರೆ ಮಾತು ಹಾರಿಸುತ್ತಿದ್ದ. ಹುಚ್ಚು ಹಿಡಿದಿದೆ ಅಂದುಕೊಂಡಾಳೆಂದು ಹೇಳಲು ಅವನಿಗೆ ಭಯ.

ಆ ಐದನೆಯ ತಲೆಮಾರಿನವಳು ಗುಬ್ಬಿ. ಎಲ್ಲರಿಗಿಂತ ಪುಟ್ಟವಳು, ಅವನ ಕಣ್ಮಣಿ. ಮೊದಲ ಸಲ ಗಬ್ಬವಾಗಿದ್ದಳು. ದಿನ ತುಂಬಿ, ಮೂರು ದಿನ ತಿಣುಕಿದರೂ ಒಂದು ಮೊಟ್ಟೆಯೂ ಹೊರಬರಲಿಲ್ಲ. ಬೆಚ್ಚಗಿನ ನೀರಿನಲ್ಲಿಟ್ಟ, ಬುಟ್ಟಿ ಬದಲಿಸಿದ. ಮರಿ ಬೇಡ, ಇವಳೊಬ್ಬಳು ಉಳಿದರೆ ಸಾಕು ಅನ್ನಿಸಿತು.

"ನಾಳೆ ನಾಳೆ ಅಂತಿದ್ರೆ ಕೈ ತಪ್ಪಿ ಹೋಗುತ್ತೆ. ನಡೀರಿ," ಎಂದು ಹೆಂಡತಿಯೇ ಬುಟ್ಟಿ ಎತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೊರಟಳು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಟ್ಟೆಗಳು ಒಂದರ ಹಿಂದೊಂದು ಸಿಕ್ಕಿಕೊಂಡಿದ್ದವು. "ಮೈ ಕುಗ್ಗಿಸಿದೀರಿ. ಮೊಟ್ಟೆ ಅಷ್ಟು ಕುಗ್ಗಿಲ್ಲ."

"ನಾನು ಉದ್ದ ಮಾತ್ರ ನೋಡ್ದೆ, ಡಾಕ್ಟ್ರೇ. ಸುತ್ತಳತೆ ತೆಗೀಲೇ ಇಲ್ಲ."

ಅಂಗಿ ಹೊಲಿಯುವ ಯಾರೂ ಸುತ್ತಳತೆ ಬಿಟ್ಟು ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಮೂವತ್ತು ವರ್ಷ ಅದನ್ನೇ ಮಾಡಿದವನ ಬುದ್ಧಿಗೆ ಮಂಕು ಕವಿದಿತ್ತು, ಅಷ್ಟೆ.

ಹೊಟ್ಟೆ ಕೊಯ್ದರು. ಗುಬ್ಬಿ ಅಲ್ಲೇ, ಮೇಜಿನ ಮೇಲೇ ಹೋದಳು. ದಾರದಣ್ಣ ಅವಳನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಅತ್ತ.

ಡಾಕ್ಟರಮ್ಮ ಕೈ ತೊಳೆಯುತ್ತ ಕೇಳಿದರು: "ಇದರ ಒಡಹುಟ್ಟಿದವು ಇನ್ನೂ ಇದಾವಾ?"

"ಮೂರು ಹೆಣ್ಣಿವೆ."

"ಗಂಡಿನ ಜೊತೆ ಬಿಟ್ಟಿಲ್ಲ ತಾನೆ?"

ಅವನು ಟವೆಲಿನ ಅಂಚನ್ನು ಗುಬ್ಬಿಯ ತಲೆಯ ಮೇಲೆ ಎಳೆದ. ಹೆಂಡತಿ ಹೇಳಿದಳು:

"ಬಿಟ್ಟಿದಾರೆ. ಮೂರೂ ಗಬ್ಬ."